ಟಗರು ಗುದ್ದಿದ ಬಾಗಿಲು

ಕಾರಿನ ಬಾಗಿಲು ನೆಗ್ಗುವುದಕ್ಕೆ ನೂರೆಂಟು ಕಾರಣಗಳು. ಕಂಬ, ಗೋಡೆ, ಬೈಕಿನ ಹ್ಯಾಂಡಲ್, ಹಿಂದೆ ನೋಡದೆ ರಿವರ್ಸ್ ಬಂದ ಟ್ರ್ಯಾಕ್ಟರ್. ನನ್ನ ಟಿಂಕರಿಂಗ್ ಗ್ಯಾರೇಜಿಗೆ ಬರುವವರೆಲ್ಲ ತಾವು ಸುಮ್ಮನೆ ನಿಂತಿದ್ದಾಗ ಕಂಬವೇ ನಡೆದು ಬಂದು ಗುದ್ದಿತು ಎನ್ನುವ ಹಾಗೆ ಮಾತಾಡುತ್ತಾರೆ. ನಾನೂ ಹೂಂಗುಟ್ಟುತ್ತೇನೆ. ಆದರೆ ಆ ಬೇಸಿಗೆಯ ದಿನ ಮಡಕಶಿರಾದ ನನ್ನ ಗ್ಯಾರೇಜಿನ ಮುಂದೆ ಮೊಪೆಡ್ ನಿಲ್ಲಿಸಿದ ರೈತನ ಕಾರಣವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಅಣ್ಣ, ನಮ್ಮ ಟಗರು ಬೀಗರ ಕಾರಿಗೆ ಗುದ್ಬಿಟ್ಟೈತೆ. ಇನ್ನೂ ಬೀಗರಾಗಿಲ್ಲ, ಆಗ್ಬೇಕು. ಆಗ್ತಾರೋ ಇಲ್ವೋ ಈಗ ನಿನ್ನ ಕೈಯಾಗೈತೆ. ಬೇಗ ಬಾರಣ್ಣ!"

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಗುಡಿಬಂಡೆಯ ಕಡೆ ಅವನದು ತೋಟದ ಮನೆ. ರಾಯದುರ್ಗದಿಂದ ಬೆಳಿಗ್ಗೆ ಮಗಳನ್ನು ನೋಡಲು ಬಂದಿದ್ದರು. ಹುಡುಗ, ಅವನ ಸೋದರಮಾವ, ಇಬ್ಬರೇ. ಕಾರು ಸೋದರಮಾವನದು, ಕಡುಗೆಂಪು ಬಣ್ಣ, ಹೊಸದು. ಹೆಣ್ಣಿನ ಮನೆಗೆ ಹೋಗುವುದೆಂದು ದಾರಿಯಲ್ಲಿ ಮತ್ತೊಮ್ಮೆ ತೊಳೆಸಿಕೊಂಡು ಬಂದಿದ್ದರಂತೆ. ಅದನ್ನು ಹೊಂಗೆ ಮರದ ನೆರಳಿನಲ್ಲಿ ನಿಲ್ಲಿಸಿ ಒಳಗೆ ಹೋಗಿದ್ದಾರೆ. ಆ ನೆರಳು ಮನೆಯ ಟಗರಿನದು. ಫಳಫಳ ಹೊಳೆಯುವ ಬಾಗಿಲಿನಲ್ಲಿ ಇನ್ನೊಂದು ಟಗರು ತನ್ನನ್ನೇ ದುರುಗುಟ್ಟಿ ನೋಡುತ್ತಿದೆ! ಗೂಟ ಕಿತ್ತುಕೊಂಡು ಹಿಂದಕ್ಕೆ ಸರಿದು ಓಡಿ ಬಂದು ಗುದ್ದಿದೆ. ಒಳಗೆ ಹುಡುಗಿ ಕಾಫಿ ತಟ್ಟೆ ಹಿಡಿದು ಬಾಗಿಲು ದಾಟುವುದಕ್ಕೂ ಹೊರಗೆ ಧಡ್ ಎನ್ನುವುದಕ್ಕೂ ಸರಿಹೋಗಿದೆ.

"ಬಣ್ಣ ಕೆಡಿಸ್ದಂಗೆ ಅಂಟು ಹಾಕಿ ಎಳೀತೀಯಂತಲ್ಲ, ಹೌದಾ?"

ಹೌದು ಎಂದೆ. ಅಂಟು ಹಾಕಿ ಎಳೆಯುವ ಪೆಟ್ಟಿಗೆಯೊಂದನ್ನು ಹೊಸದಾಗಿ ತರಿಸಿಕೊಂಡಿದ್ದೆ. ಗುಜರಿ ಬಾಗಿಲುಗಳ ಮೇಲೆ, ನನ್ನದೇ ಹಳೆಯ ಓಮ್ನಿಯ ಮೇಲೆ ಕೈ ಪಳಗಿಸಿಕೊಂಡಿದ್ದೆ. ಅದರಿಂದ ಬೇರೆಯವರ ಕಾರು ಮುಟ್ಟಿರಲಿಲ್ಲ. ಅದನ್ನು ಆ ಹೊತ್ತಿನಲ್ಲಿ ಅವನಿಗೆ ಹೇಳಬೇಕೆಂದು ನನಗೆ ಅನಿಸಲಿಲ್ಲ. ನಾನು ಕೆಲಸ ಕಲಿತದ್ದೇ ಓಬಳಾಪುರದ ಅದಿರು ಲಾರಿಗಳ ಮೇಲೆ. ಅಲ್ಲಿ ನೆಗ್ಗು ತೆಗೆಯುವುದೆಂದರೆ ಲಾರಿಗೆ ಸರಪಳಿ ಬಿಗಿದು, ಇನ್ನೊಂದು ತುದಿ ಹುಣಿಸೆ ಮರಕ್ಕೆ ಕಟ್ಟಿ, ಡ್ರೈವರಿಗೆ "ರಿವರ್ಸ್ ತಗೀರಿ" ಎನ್ನುವುದು. ಅಂಥ ಕೈಗೆ ಅಂಟಿನ ಪೆಟ್ಟಿಗೆ ಸಿಕ್ಕಿದ್ದು ಗರಡಿಯಾಳಿನ ಕೈಗೆ ಸೂಜಿ ದಾರ ಕೊಟ್ಟಂತೆ. ಆದರೂ ಪೆಟ್ಟಿಗೆ ಕಟ್ಟಿಕೊಂಡು ಅವನ ಹಿಂದೆ ಬೈಕು ಬಿಟ್ಟೆ.

ತೋಟದ ಮನೆಯ ಅಂಗಳದಲ್ಲಿ ಸೋದರಮಾವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಾಗಿಲಿಗೆ ಎದುರಾಗಿ ಕುಳಿತಿದ್ದರು. ಬಿಳಿ ಅಂಗಿ, ಮಿರಿಮಿರಿ ಬೂಟು. ಸಿಟ್ಟು ಬಂದಾಗ ತೆಲುಗಿಗೆ ತಿರುಗುವ ಮನುಷ್ಯ ಎಂದು ಬೇಗ ಗೊತ್ತಾಯಿತು. "ಶಕುನಂ ಬಾಗಲೇದು," ಶಕುನ ಚೆನ್ನಾಗಿಲ್ಲ, ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಲೇ ಇದ್ದರು. ಮಾತು ಮುಗಿಯುವವರೆಗೆ ಹೆಣ್ಣಿನ ಮನೆಯಲ್ಲಿ ಉಣ್ಣುವಂತಿಲ್ಲ ಎಂಬ ಪದ್ಧತಿ ಬೇರೆ. ಒಳಗಿನಿಂದ ಬರುತ್ತಿದ್ದ ಅವರೆಕಾಳು ಸಾರಿನ ವಾಸನೆಗೆ ಅವರ ಸಿಟ್ಟು ಇನ್ನಷ್ಟು ಕುದಿಯುತ್ತಿತ್ತು.

"ನೋಡ್ರಿ ಮೇಸ್ತ್ರಿ, ಬಾಗ್ಲ ಹೆಂಗ ಬಂದಿತ್ತೋ ಹಂಗ ಹೋಗ್ಬೇಕು. ಹೆಣ್ಣಿನ ಮನಿಯಿಂದ ಗಾಯ ಹೊತ್ಗೊಂಡು ವಾಪಸ್ ಹೋದ್ರ ಆ ಸಂಬಂಧದ ಮಾತೇ ಬ್ಯಾಡ. ಬಡೀತೀರೇನು?"

"ಬಡಿಯಂಗಿಲ್ರಿ. ಎಳೀತೀನಿ."

"ತೂತು ಹಾಕೀರಿ?"

"ಇಲ್ರಿ. ಅಂಟು ಹಚ್ಚಿ."

"ಅಂಟಾ? ಯಾಕ, ಇದೇನು ಲಕೋಟೀನಾ?" ಎಂದವರು ನನ್ನ ಮಾತಿನ ಧಾಟಿ ಗುರುತಿಸಿ, "ನೀವು ನಮ್ಮ ಕಡೇರೇನ್ರಿ?" ಎಂದರು. ಹೌದ್ರಿ, ರಾಯದುರ್ಗದವನೇ, ಹೆಂಡತಿ ಮಡಕಶಿರಾದವಳು ಎಂದೆ. ಸ್ವಲ್ಪ ಮೆತ್ತಗಾದರು. "ಮತ್ತ ಮರ್ಯಾದಿ ಉಳಸ್ರಿ" ಎಂದರು. ಯಾರದ್ದು ಎಂದು ಹೇಳಲಿಲ್ಲ.

ಹಿಂದಿನ ಬಾಗಿಲಿನ ನಡುವೆ ಊಟದ ತಟ್ಟೆಯಗಲ ಗುಳಿ ಬಿದ್ದಿತ್ತು. ಟಗರು ಹಣೆಯಿಂದ ಗುದ್ದಿತ್ತು, ಕೊಂಬು ತಾಗಿರಲಿಲ್ಲ. ಬಣ್ಣ ಎಲ್ಲೂ ಬಿರಿದಿರಲಿಲ್ಲ. ಇಷ್ಟು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿ ಎಂದರೆ ಗುಳಿಯ ಮೇಲಂಚು ಬಾಗಿಲಿನ ಉದ್ದಕ್ಕೂ ಓಡುವ ಮಡಿಕೆಯ ಗೆರೆಯನ್ನು ಕಚ್ಚಿಕೊಂಡಿತ್ತು. ಮಡಿಕೆಯ ಹತ್ತಿರ ತಗಡು ಹಟಮಾರಿ. ಗಾಜು ಇಳಿಸಿ ಟಾರ್ಚ್ ಬಿಟ್ಟು ನೋಡಿದರೆ, ಅಪಘಾತಕ್ಕೆ ಅಡ್ಡವಾಗಲೆಂದು ಬಾಗಿಲ ಹೊಟ್ಟೆಯಲ್ಲಿ ಇಡುವ ಉಕ್ಕಿನ ಕೊಳವೆ ಸರಿಯಾಗಿ ಗುಳಿಯ ಹಿಂದೆಯೇ ಮಲಗಿತ್ತು. ಒಳಗಿನಿಂದ ಕೈ ಹೋಗುವುದಿಲ್ಲ, ಸಲಾಕೆಯೂ ಹೋಗುವುದಿಲ್ಲ. ಹೊರಗಿನಿಂದ ಎಳೆಯುವುದೊಂದೇ ದಾರಿ.

ಮೊದಲು ಗಾಜು ಎತ್ತುವ ರಬ್ಬರ್ ಬಟ್ಟಲು ಅಂಟಿಸಿ ಜಗ್ಗಿದೆ. ಟಪ್ ಎಂದು ಗುಳಿಯ ನಡು ಹೊರಗೆ ಬಂತು. "ಬಂತು!" ಎಂದ ಹೆಣ್ಣಿನ ತಂದೆ. ಬಟ್ಟಲು ತೆಗೆದ ಕೂಡಲೇ ಟಪ್ ಎಂದು ಮತ್ತೆ ಒಳಗೆ ಹೋಯಿತು. "ಹೋಯ್ತು" ಎಂದ. ಹಳೆಯ ಎಣ್ಣೆ ಡಬ್ಬಿಯ ತಳ ಒತ್ತಿದಂತೆ, ಒಳಗೆ ಹೊರಗೆ, ಒಳಗೆ ಹೊರಗೆ. ಅಂಚು ಬಿಗಿಯಾಗಿ ಹಿಡಿದುಕೊಂಡಿರುವಾಗ ನಡುವನ್ನು ಎಷ್ಟು ಎಳೆದರೂ ಅದು ತನ್ನ ಮನೆಗೇ ಮರಳುತ್ತದೆ. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಅಂಟಿನ ಪೆಟ್ಟಿಗೆ ಬಿಚ್ಚಿದೆ. ಅದರಲ್ಲಿ ಅಣಬೆಯಾಕಾರದ ಪ್ಲಾಸ್ಟಿಕ್ ಬಿಲ್ಲೆಗಳು, ಚಿಕ್ಕವು ದೊಡ್ಡವು. ಬಿಲ್ಲೆಯ ತಲೆಗೆ ಬಿಸಿ ಅಂಟು ಸುರಿದು ತಗಡಿಗೆ ಒತ್ತಿ, ಆರಲು ಬಿಡಬೇಕು. ಆಮೇಲೆ ಬಿಲ್ಲೆಯ ಕಾಲನ್ನು ಎಳೆಯುವ ಉಪಕರಣಕ್ಕೆ ಸಿಕ್ಕಿಸಬೇಕು. ಎಳೆಯುವುದಕ್ಕೆ ಎರಡು ಬಗೆ. ಒಂದು, ಎರಡು ಕಾಲೂರಿ ನಿಂತು ಹಿಡಿ ಒತ್ತಿದಂತೆ ನಿಧಾನವಾಗಿ ಮೇಲೆತ್ತುವ ಚಿಮುಟ. ಇನ್ನೊಂದು ಸ್ಲೈಡ್ ಹ್ಯಾಮರ್, ಸಲಾಕೆಯ ಮೇಲೆ ಜಾರುವ ತೂಕ. ತೂಕವನ್ನು ಹಿಂದಕ್ಕೆ ಜಾಡಿಸಿದರೆ ತಗಡಿಗೆ ಹೊರಗಿನಿಂದಲೇ ಪೆಟ್ಟು ಬೀಳುತ್ತದೆ. ಕೆಲಸ ಮುಗಿದ ಮೇಲೆ ಸ್ಪಿರಿಟ್ ಹಾಕಿದರೆ ಅಂಟು ಬಣ್ಣಕ್ಕೆ ನೋವಾಗದಂತೆ ಬಿಟ್ಟುಕೊಳ್ಳುತ್ತದೆ.

ಪೆಟ್ಟಿಗೆಯ ಜೊತೆ ಬಂದ ಪುಸ್ತಕದಂತೆ ಎಲ್ಲ ಮಾಡಿದೆ. ಚಿಮುಟ ಒತ್ತಿದರೆ ಬಿಲ್ಲೆ ಬಂತು, ತಗಡು ಬರಲಿಲ್ಲ. ನಡುವೆ ಅಂಟು ನೂಲು ನೂಲಾಗಿ ಎಳೆಯಿತು, ಕಡಲೆಕಾಯಿ ಮಿಠಾಯಿಗೆ ಹದ ಬಾರದ ಬೆಲ್ಲದ ಪಾಕದಂತೆ. ಹೊಂಗೆಯ ನೆರಳು ಅಷ್ಟರಲ್ಲಿ ಕಾರನ್ನು ಬಿಟ್ಟು ಬೇಲಿಯ ಕಡೆ ಹೊರಟಿತ್ತು. ತಗಡು ಕಾದಿತ್ತು, ಅಂಟು ಆರುತ್ತಲೇ ಇರಲಿಲ್ಲ. ಒದ್ದೆ ಬಟ್ಟೆ ಹಾಸಿ ತಣಿಸಿದೆ. ಬಟ್ಟೆ ತೆಗೆದು ಅಂಟು ಹಚ್ಚುವಷ್ಟರಲ್ಲಿ ಮತ್ತೆ ಬಿಸಿ. ಬೇಸಿಗೆಯ ಬಿಸಿಲಿಗೆ ಬೇರೆ ಅಂಟು ಇರುತ್ತದೆ ಎಂದು ಎಲ್ಲೋ ಕೇಳಿದ್ದೆ, ತರಿಸಿರಲಿಲ್ಲ.

ಎದುರಿಗೆ ಕುರ್ಚಿಯ ಮೇಲೆ ಒಬ್ಬರು ಕೂತು ನೋಡುತ್ತಿದ್ದರೆ ಕೈಗೆ ಅವಸರ ತಾನಾಗಿ ಬರುತ್ತದೆ. ಮುಂದಿನ ಸಲ ಬಿಲ್ಲೆ ಚೆನ್ನಾಗಿ ಹಿಡಿದಂತೆ ಕಂಡಿತು. ಸ್ಲೈಡ್ ಹ್ಯಾಮರ್ ಸಿಕ್ಕಿಸಿ ಜೋರಾಗಿ ಒಂದು ಜಾಡಿಸಿದೆ. ಮಡಿಕೆಯ ಗೆರೆಯ ಕೆಳಗೆ ತಗಡು ಹುಣಿಸೆ ಬೀಜದಷ್ಟು ಉಬ್ಬಿ ನಿಂತಿತು. ಗುಳಿ ಇದ್ದಲ್ಲೇ ಇತ್ತು, ಜೊತೆಗೆ ಈಗ ಒಂದು ಗುಳ್ಳೆ.

"ಟಗರೇ ವಾಸಿ ಇತ್ತಲ್ರಿ" ಎಂದರು ಸೋದರಮಾವ.

ಅವಮಾನವಾಯಿತು. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಹಳೆಯ ಕೆಲಸವೇ ಕೈ ಬೀಸಿ ಕರೆಯಿತು. ಗ್ಯಾರೇಜಿಗೆ ಕಾರು ಒಯ್ದು, ಬಣ್ಣ ಕೆರೆದು, ತಗಡಿಗೆ ವಾಷರ್‌ಗಳನ್ನು ಬೆಸೆದು, ಕೊಕ್ಕೆ ಹಾಕಿ ಜಗ್ಗಿದರೆ ಯಾವ ಗುಳಿಯಾದರೂ ಬರಲೇಬೇಕು. ಆಮೇಲೆ ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹೊಡೆದರಾಯಿತು. ನೂರಕ್ಕೆ ನೂರು ಗ್ಯಾರಂಟಿ ಕೆಲಸ, ಆದರೆ ಕಂಪನಿ ಬಣ್ಣ ಹೋಗುತ್ತದೆ, ಸಂಜೆಯೊಳಗೆ ಮುಗಿಯುವುದೂ ಇಲ್ಲ. ಹೆಣ್ಣಿನ ತಂದೆಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ತಲೆಯ ಟವಲು ತೆಗೆದು ಮುಖ ಒರೆಸಿಕೊಂಡ.

"ಹುಡುಗ ಒಳ್ಳೇವ್ನು ಅಂತ ವಿಚಾರ್ಸಿದ್ದೆ ಕಣಣ್ಣ" ಎಂದಷ್ಟೇ ಹೇಳಿದ.

ಆಗ ಮಜ್ಜಿಗೆ ಲೋಟ ಹಿಡಿದು ಹುಡುಗಿ ಬಂದಳು. ನೋಡಲು ಬಂದವರಿಗಾಗಿ ಉಟ್ಟ ರೇಷ್ಮೆ ಸೀರೆ ಬದಲಿಸಿ ಮನೆಯ ಸೀರೆ ಉಟ್ಟಿದ್ದಳು. ಲೋಟ ಕೊಟ್ಟು, ಮಗುವಿಗೆ ಜ್ವರ ನೋಡುವಂತೆ ಕೈಯ ಹಿಂಬದಿಯನ್ನು ಬಾಗಿಲಿಗೆ ತಾಗಿಸಿದಳು.

"ಇದು ಕಾದೈತಲ್ಲಣ್ಣ. ನಿಮ್ಮ ಅಂಟು ತಂಪಾದ್ರೆ ಕೂರ್ತದಾ?"

"ಕೂರ್ತದಮ್ಮ. ತಂಪು ಎಲ್ಲಿಂದ ತರೋಣ?"

"ಹುಳು ಮನೇಗೆ ತಗಂಬನ್ನಿ."

ಮನೆಯ ಹಿಂದೆ ಅವಳ ರೇಷ್ಮೆ ಹುಳು ಸಾಕುವ ಮನೆ. ದಪ್ಪ ಗೋಡೆ, ಹೆಂಚಿನ ಮೇಲೆ ತೆಂಗಿನ ಗರಿಯ ಹೊದಿಕೆ, ಕಿಟಕಿಗಳಿಗೆ ಒದ್ದೆ ಗೋಣಿಚೀಲ. ಗೂಡು ಬಿಡಿಸಿ ಮಾರಿದ್ದಾಗಿತ್ತು. ಒಳಗೆಲ್ಲ ತೊಳೆದು ಖಾಲಿ ಇಟ್ಟಿದ್ದಳು. ಸೊಪ್ಪು ಹೊತ್ತ ಟ್ರೈಲರ್ ಒಳಗೆ ಬರಲೆಂದು ಬಾಗಿಲು ಅಗಲವಾಗಿಯೇ ಇತ್ತು. ಒಳಗೆ ಕಾಲಿಟ್ಟರೆ ಬಾವಿಗೆ ಇಳಿದಷ್ಟು ತಂಪು. ಬೆಸೆಯುವ ವಿಚಾರವನ್ನು ನಾನು ಅಲ್ಲೇ ಬಿಟ್ಟೆ. ಇಷ್ಟು ಒಳ್ಳೆಯ ಜಾಗ ಸಿಕ್ಕ ಮೇಲೂ ತಗಡಿಗೆ ಬೆಂಕಿ ಮುಟ್ಟಿಸಿದರೆ ಪೆಟ್ಟಿಗೆ ಕೊಂಡದ್ದಕ್ಕೆ ಅರ್ಥವಿಲ್ಲ ಎನಿಸಿತು.

ಆದರೆ ಅವಳದೊಂದು ಶರತ್ತು. "ಇಂಜಿನ್ ಹಾಕಂಗಿಲ್ಲ. ಸೋಮವಾರ ಮರಿ ಹುಳು ಬತ್ತವೆ, ಹೊಗೆ ವಾಸ್ನೆ ನಿಂತ್ರೆ ಆಗಲ್ಲ. ತಳ್ಕಂಡು ಬರ್ಬೇಕು. ಚಕ್ರಕ್ಕೂ ಕಾಲಿಗೂ ಬ್ಲೀಚಿಂಗ್ ನೀರು."

"ಹೆಣ್ಣ ನೋಡಾಕ ಬಂದು ಕಾರ ತಳ್ಳೋದಾತು!" ಎಂದು ಸೋದರಮಾವ ಕುರ್ಚಿಯಿಂದ ಎದ್ದರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗ ಆಗಲೇ ಪ್ಯಾಂಟು ಮೊಣಕಾಲಿಗೆ ಮಡಚಿ ಕಾರಿನ ಹಿಂದೆ ನಿಂತಿದ್ದ. ನಾನು, ಅವನು, ಹೆಣ್ಣಿನ ತಂದೆ ತಳ್ಳಿದೆವು. ಸೋದರಮಾವ ಬೂಟು ಬಿಚ್ಚಿಟ್ಟು, ಬಿಳಿ ನೀರಿನಲ್ಲಿ ಕಾಲು ಅದ್ದಿ, ಸ್ಟೇರಿಂಗ್ ಹಿಡಿದರು. ಟಗರು ದೂರದಲ್ಲಿ ಸೊಪ್ಪು ಮೇಯುತ್ತ ಈ ಮೆರವಣಿಗೆಯನ್ನು ನೋಡಿತು.

ಬಾಗಿಲು ತಣಿಯುವವರೆಗೆ ಕಾದೆವು. ಒಳಗೆ ಬೆಳಕು ಕಡಿಮೆ, ಗುಳಿಯ ಏರಿಳಿತ ಕಣ್ಣಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಗೆರೆಗಳಿರುವ ಜಮಖಾನ ಇದ್ದರೆ ಕೊಡಿ ಎಂದೆ. ಹೊಳೆಯುವ ಬಾಗಿಲಿನ ಮುಂದೆ ಗೆರೆಯ ಜಮಖಾನ ಹಿಡಿದರೆ ಗೆರೆಗಳು ಅದರಲ್ಲಿ ಕಾಣುತ್ತವೆ. ತಗಡು ಸಪಾಟಾದಲ್ಲಿ ಗೆರೆ ನೇರ, ಗುಳಿಯಲ್ಲಿ ಬಾಗುತ್ತದೆ, ಉಬ್ಬಿನಲ್ಲಿ ಹರಡುತ್ತದೆ. ಬೆರಳಿಗೆ ತಿಳಿಯದ್ದನ್ನು ಗೆರೆ ಹೇಳುತ್ತದೆ. ಒಂದು ತುದಿ ಹುಡುಗಿ ಹಿಡಿದಳು, ಇನ್ನೊಂದು ಹುಡುಗ ಹಿಡಿದ. ಸೋದರಮಾವ ಗಂಟಲು ಸರಿಮಾಡಿಕೊಂಡರು. ಬೇರೆ ಕೈಗಳಿದ್ದರೂ ನಾನು ಕೇಳಲಿಲ್ಲ.

ಮತ್ತೆ ನಡುವಿಗೇ ಬಿಲ್ಲೆ ಇಡಲು ಹೋದೆ. ಹುಡುಗ ಬಾಗಿಲನ್ನೇ ನೋಡುತ್ತಿದ್ದವನು ತಡೆದ.

"ಅಲ್ರಿ, ನಡುವ ಎಳೀಬ್ಯಾಡ್ರಿ. ಅದು ಸುಕ್ಕು ಹಿಡ್ದೈತಿ. ನಮ್ಮಲ್ಲಿ ಜೀನ್ಸ್ ಹೊಲಿಗಿ ಸುಕ್ಕು ಬಂದ್ರ ನಡುವ ಜಗ್ಗಿದ್ರ ಇನ್ನೂ ಬಿಗೀತೈತ್ರಿ. ಅಂಚಿನ ದಾರ ಸಡಿಲ ಮಾಡ್ಕೋತ ಬರ್ತೀವಿ, ನಡು ತಾನಾಗೇ ಬಿಡ್ತೈತಿ."

ಅವನು ರಾಯದುರ್ಗದ ಜೀನ್ಸ್ ಹೊಲಿಯುವ ಕಡೆ ಬಟ್ಟೆ ಅಳೆದು ಕತ್ತರಿಸುವ ಕಟಿಂಗ್ ಮಾಸ್ಟರ್ ಎಂದು ಆಗ ತಿಳಿಯಿತು. ಚಿಮುಟ ಕೆಳಗಿಟ್ಟು ಗೆರೆಗಳನ್ನು ನೋಡಿದೆ. ಹೌದಲ್ಲ! ಗುಳಿಯ ಸುತ್ತ ಸಣ್ಣ ಏರಿ ನಿಂತಿದೆ. ಕೆರೆಯ ಏರಿಯಂತೆ ಅದೇ ಒಳಗಿನದನ್ನೆಲ್ಲ ತಡೆದು ಹಿಡಿದಿದೆ. ರಬ್ಬರ್ ಬಟ್ಟಲು ಟಪ್ ಟಪ್ ಎಂದು ಅದನ್ನೇ ಹೇಳಿತ್ತು, ನನಗೆ ಕೇಳಿಸಿರಲಿಲ್ಲ. ನಡುವನ್ನು ಕೊನೆಗೆ ಮುಟ್ಟುವುದು, ಮೊದಲು ನನ್ನದೇ ಗುಳ್ಳೆ, ಆಮೇಲೆ ಅಂಚು ಎಂದು ತೀರ್ಮಾನಿಸಿದೆ.

ನೈಲಾನ್ ಗೂಟದ ತುದಿಯನ್ನು ಗುಳ್ಳೆಯ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಬಾಗಿಲು ತಟ್ಟುವ ಅತಿಥಿಯಷ್ಟು ಮೆಲ್ಲಗೆ ತಟ್ಟಿದೆ. ಒಂದು ತಟ್ಟು, ಒಂದು ನೋಟ. ಹುಣಿಸೆ ಬೀಜ ಸಾಸಿವೆಯಾಗಿ ಮಾಯವಾಯಿತು. ಆಮೇಲೆ ಏರಿಯನ್ನೂ ಹಾಗೇ ತಟ್ಟಿ ಇಳಿಸುತ್ತ, ಅದರ ಒಳಬದಿಯ ಅಂಚಿಗೆ ಚಿಕ್ಕ ಬಿಲ್ಲೆಗಳು. ಮೊದಲನೆಯದು ಜಾರಿತು, ಒದ್ದೆ ಗೋಣಿಯ ತೇವ ತಗಡಿನ ಮೇಲೆ ಬೆವರಿನಂತೆ ಕೂತಿತ್ತು. ಹುಡುಗಿ ಒಂದು ಕಡೆಯ ಗೋಣಿ ಎತ್ತಿ ಗಾಳಿ ಬಿಟ್ಟಳು. ಪ್ರತಿ ಸಲ ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಅಂಟು ಹಚ್ಚಿದೆ. ಈ ಸಲ ಬಿಲ್ಲೆ ಕಲ್ಲಿನಂತೆ ಕೂತಿತು. ಚಿಮುಟ ಒತ್ತಿ, ಸ್ವಲ್ಪ ಬಿಟ್ಟು, ಮತ್ತೆ ಒತ್ತಿ, ಪಟ್ ಎಂದು ಬಿಲ್ಲೆ ಕಳಚಿದಾಗ ಅಂಚಿನ ಒಂದು ಗೆರೆ ನೆಟ್ಟಗಾಗಿತ್ತು. ನನ್ನ ಮೈಯೆಲ್ಲ ಖುಷಿ. ಯಾರಿಗೂ ತೋರಿಸಿಕೊಳ್ಳಲಿಲ್ಲ, ಮೇಸ್ತ್ರಿಯ ಗತ್ತು.

"ಎಡಗಡೆ ಇನ್ನೂ ವಂಕ ಐತ್ರಿ" ಎನ್ನುವನು ಹುಡುಗ. "ಅಲ್ಲಲ್ಲ, ಅದರ ಕೆಳಗ್ನುದು" ಎನ್ನುವಳು ಹುಡುಗಿ. ಸಾವಿರ ಹುಳುಗಳ ನಡುವೆ ರೋಗದ ಒಂದನ್ನು ಹೆಕ್ಕುವ ಕಣ್ಣು ಅವಳದು, ಅರ್ಧ ದಾರ ತಪ್ಪಿದ ಹೊಲಿಗೆ ಹಿಡಿಯುವ ಕಣ್ಣು ಅವನದು. ನಡುವೆ ಸಿಕ್ಕ ನಾನು ಹೇಳಿದಲ್ಲಿ ಬಿಲ್ಲೆ ಇಡುವ ಕೂಲಿಯಾಳಾದೆ. ಅಂಟು ಆರುವ ಬಿಡುವಿನಲ್ಲಿ ಅವರ ಮಾತು ಜಮಖಾನದ ಮೇಲಿನಿಂದ ಹಾದು ಹೋಗುತ್ತಿತ್ತು. ಒಂದು ಹುಳು ಎಷ್ಟು ತಿನ್ನುತ್ತದೆ, ಒಂದು ಪ್ಯಾಂಟಿಗೆ ಎಷ್ಟು ತುಂಡು. "ಕೈ ಸೋತಿದ್ರೆ ಮಡಗಿ" ಎಂದಳು ಒಮ್ಮೆ. "ಇಲ್ರಿ" ಎಂದ. ಸೋತಿತ್ತು, ಜಮಖಾನ ನಡುಗುತ್ತಿತ್ತು, ನನ್ನ ಗೆರೆಗಳೂ ನಡುಗುತ್ತಿದ್ದವು.

ಏರಿಯೆಲ್ಲ ಇಳಿದ ಮೇಲೆ ನಡುವಿಗೆ ರಬ್ಬರ್ ಬಟ್ಟಲು ಅಂಟಿಸಿದೆ. ಜಗ್ಗಿದೆ. ಟಪ್. ಬಟ್ಟಲು ತೆಗೆದೆ. ಎರಡನೆಯ ಟಪ್ ಬರಲಿಲ್ಲ. ಹೆಣ್ಣಿನ ತಂದೆ ಈ ಸಲ "ಬಂತು" ಎನ್ನಲೂ ಹೆದರಿ ಬೆರಳಿನಿಂದ ತೋರಿಸಿದ.

ಸೋದರಮಾವ ಎದ್ದು ಬಂದರು. ಮೊದಲು ಕಣ್ಣಿನಿಂದ, ಆಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಬಾಗಿಲು ಸವರಿದರು. ಮಡಿಕೆಯ ಕೆಳಗೆ ಎಳ್ಳಿನಷ್ಟು ಉಳಿದಿದೆ ಎಂದು ನಾನೇ ಹೇಳಿದೆ. ಅದನ್ನು ತೆಗೆಯಲು ಹೋದರೆ ಬಣ್ಣ ಬಿರಿಯಬಹುದು, ಬಿಡುವುದು ಒಳ್ಳೆಯದು. ಅವರು ಹುಡುಕಿದರು, ಸಿಗಲಿಲ್ಲ.

"ಬಾಗುಂದಿ" ಎಂದರು. ತೆಲುಗಿನಲ್ಲಿ ಅವರು ಒಳ್ಳೆಯ ಮಾತನ್ನೂ ಆಡುತ್ತಾರೆ ಎಂದು ಆಗ ಗೊತ್ತಾಯಿತು. ಆಮೇಲೆ ಹೆಣ್ಣಿನ ತಂದೆಯ ಕಡೆ ತಿರುಗಿ, "ಶಕುನ ಸರಿ ಆತು. ಹುಡುಗಿ ನಮಗ ಒಪ್ಪಿಗಿರಿ. ಎಲಿ ಹಾಕಸ್ರಿ, ಉಣ್ಣೋಣು" ಎಂದರು.

ತಂದೆ ಕೈ ಮುಗಿಯಲು ಎರಡೂ ಕೈ ಎತ್ತಿದ್ದ.

"ಮಾವ, ನನ್ನ ಯಾರೂ ಕೇಳ್ಲಿಲ್ಲ" ಎಂದಳು ಹುಡುಗಿ, ಸೋದರಮಾವನಿಗೆ.

ಎತ್ತಿದ ಕೈ ಅಲ್ಲೇ ನಿಂತಿತು. ನಾನು ಬಿಲ್ಲೆಗಳನ್ನು ಆರಿಸಿ ಪೆಟ್ಟಿಗೆಗೆ ಹಾಕುವವನಂತೆ ತಲೆ ತಗ್ಗಿಸಿದೆ. ಅವಳು ಜಮಖಾನದ ತನ್ನ ತುದಿಯನ್ನು ಮಡಚುತ್ತಲೇ ಹುಡುಗನಿಗೆ ಹೇಳಿದಳು.

"ಈ ಹುಳು ಮನೆ ನಾನು ಕಟ್ಸಿದ್ದು. ಇದನ್ನ ಬಿಟ್ಟು ರಾಯದುರ್ಗಕ್ಕೆ ನಾನು ಬರಕಾಗಲ್ಲ. ಅದ್ನ ಈಗ್ಲೇ ಹೇಳ್ಬೇಕು ಅನ್ನುಸ್ತು."

ಸೋದರಮಾವ ಬಾಯಿ ತೆರೆದರು. ಹೆಣ್ಣಿನ ತಂದೆ ಮಗಳ ಹೆಸರು ಹಿಡಿದು ಮೆಲ್ಲಗೆ ಕರೆದ. ಹುಡುಗ ಯಾರ ಕಡೆಗೂ ನೋಡಲಿಲ್ಲ. ಸೋತ ತೋಳನ್ನು ಒಂದು ಸಲ ತಿಕ್ಕಿಕೊಂಡ.

"ಹೊಲಿಗಿ ಮಷೀನು ಎಲ್ಲಿಟ್ರೂ ಓಡ್ತೈತ್ರಿ" ಎಂದ.

ಅವಳು ಅವನ ಕೈಯಿಂದ ಜಮಖಾನದ ಇನ್ನೊಂದು ತುದಿ ತೆಗೆದುಕೊಂಡಳು. "ಸೋಮವಾರ ಬನ್ನಿ ಹಂಗಾರೆ. ಮರಿ ಹುಳಕ್ಕೆ ಸೊಪ್ಪು ಸಣ್ಣಗೆ ಕತ್ರುಸ್ಬೇಕು, ಒಬ್ಳ ಕೈಲಿ ಆಗಲ್ಲ."

"ಎಷ್ಟು ಅಳತಿಗಿ?" ಎಂದು ಕೇಳಿದ ಕಟಿಂಗ್ ಮಾಸ್ಟರ್.

ಅವಳು ತನ್ನ ಕಿರುಬೆರಳಿನ ಉಗುರು ತೋರಿಸಿದಳು.